ಗುಂಡಿ ಒತ್ತಿದರೆ ಸದ್ದು ಬರುತ್ತದೆ, ಅಷ್ಟು ಸಾಕೇ?

ಮೂಡಿಗೆರೆಯ ಬಳಿ ಆರು ಕೋಣೆಗಳ ಹೋಂಸ್ಟೇ ನಡೆಸುತ್ತಿರುವ ನೀವು, ಕೋಣೆಗಳ ಸ್ಮೋಕ್ ಡಿಟೆಕ್ಟರ್‌ಗಳ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡುವುದಾಗಿಯೂ, ಅಡುಗೆಮನೆಯ ಗ್ಯಾಸ್ ಡಿಟೆಕ್ಟರ್‌ನ ಮುಂದೆ ಸಿಗರೇಟ್ ಲೈಟರಿನ ಗ್ಯಾಸ್ ಬಿಟ್ಟು ಪರೀಕ್ಷಿಸುವುದಾಗಿಯೂ ಬರೆದು, ಇಷ್ಟು ಸಾಕೇ ಎಂದು ಕೇಳಿದ್ದೀರಿ. ಸಾಲದು, ಲೈಟರಿನ ಪ್ರಯೋಗವನ್ನಂತೂ ಇಂದೇ ನಿಲ್ಲಿಸಿ. ಹಾಸನದಲ್ಲಿದ್ದುಕೊಂಡು ಹದಿನೈದು ವರ್ಷಗಳಿಂದ ಈ ಸಾಧನಗಳನ್ನು ಕೂರಿಸುವ ಮತ್ತು ಪರೀಕ್ಷಿಸುವ ಕೆಲಸವನ್ನೇ ಮಾಡುತ್ತಿರುವುದರಿಂದ ಕಾರಣವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಗುಂಡಿ ಒತ್ತಿದಾಗ ತಿಳಿಯುವುದು ಬ್ಯಾಟರಿ, ಸರ್ಕ್ಯೂಟ್ ಮತ್ತು ಸದ್ದು ಮಾಡುವ ಭಾಗ ಸರಿಯಾಗಿವೆ ಎಂಬುದಷ್ಟೇ. ಹೊಗೆ ಒಳಗೆ ಹೋಗಲು ದಾರಿಯಿದೆಯೇ ಎಂಬುದು ಅದರಿಂದ ತಿಳಿಯುವುದಿಲ್ಲ. ಕಳೆದ ವರ್ಷ ಚಿಕ್ಕಮಗಳೂರಿನ ಒಂದು ವಸತಿಗೃಹದಲ್ಲಿ ಏಣಿ ಹತ್ತಿ ನೋಡಿದಾಗ, ಬಣ್ಣ ಬಳಿಯುವಾಗ ಧೂಳು ಕೂರದಿರಲೆಂದು ಹಾಕುವ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಮುಚ್ಚಳ ಎರಡು ಡಿಟೆಕ್ಟರ್‌ಗಳ ಮೇಲೆ ಹಾಗೇ ಉಳಿದಿತ್ತು. ಕೂರಿಸಿದ ದಿನದಿಂದ ಎರಡು ವರ್ಷ ಅವು ಆ ಮುಚ್ಚಳದೊಳಗೇ ಇದ್ದವು, ಆದರೆ ಗುಂಡಿಯ ಪರೀಕ್ಷೆಯಲ್ಲಿ ಪ್ರತಿ ತಿಂಗಳೂ ಪಾಸಾಗಿದ್ದವು. ಆ ಮುಚ್ಚಳಗಳನ್ನು ಕೈಯಲ್ಲಿ ಹಿಡಿದು ಏಣಿಯ ಮೇಲೆ ನಿಂತಾಗ ನನಗಾದ ಗಾಬರಿ ಇನ್ನೂ ಹೋಗಿಲ್ಲ.

ನಿಮ್ಮಲ್ಲಿರುವಂಥ ಆಪ್ಟಿಕಲ್ ಡಿಟೆಕ್ಟರ್‌ನ ಒಳಗೆ ಕಪ್ಪು ಬಣ್ಣದ, ಸುತ್ತುದಾರಿಯ ಒಂದು ಪುಟ್ಟ ಗೂಡಿರುತ್ತದೆ. ಅದರಲ್ಲಿ ಇನ್‌ಫ್ರಾರೆಡ್ ಬೆಳಕಿನ ಎಲ್‌ಇಡಿಯೂ ಬೆಳಕನ್ನು ಗ್ರಹಿಸುವ ಫೋಟೋಡಯೋಡೂ ಒಂದಕ್ಕೊಂದು ನೇರವಾಗಿ ಕಾಣದಂತೆ ಕೂತಿರುತ್ತವೆ. ಹೊಗೆಯ ಕಣಗಳು ಬಂದು ಬೆಳಕನ್ನು ಚದುರಿಸಿದಾಗ ಮಾತ್ರ ಅದು ಫೋಟೋಡಯೋಡನ್ನು ತಲುಪುತ್ತದೆ. ಮಂಜಿನ ಹನಿಗಳೂ ಬೆಳಕನ್ನು ಹೀಗೆಯೇ ಚದುರಿಸುತ್ತವೆ, ಗೂಡಿನೊಳಗೆ ಸೇರಿಕೊಂಡ ಜೇಡವೂ ಅಷ್ಟೇ. ಮಳೆಗಾಲದಲ್ಲಿ ಕೊಟ್ಟಿಗೆಹಾರದ ಆಸುಪಾಸಿನಲ್ಲಿ ಕಿಟಕಿ ತೆರೆದಿಟ್ಟರೆ ಮಂಜು ಕೋಣೆಯೊಳಗೇ ಬರುತ್ತದೆ, ನಡುರಾತ್ರಿ ಅಲಾರಂ ಹೊಡೆಯುತ್ತದೆ, ನಿದ್ದೆಗೆಟ್ಟ ಅತಿಥಿ ಬ್ಯಾಟರಿಯನ್ನೇ ಕಿತ್ತಿಡುತ್ತಾರೆ. ಹೀಗಾಗಿ ಡಿಟೆಕ್ಟರನ್ನು ಕಿಟಕಿಯಿಂದಲೂ ಬಿಸಿನೀರಿನ ಹಬೆ ಬರುವ ಬಚ್ಚಲಿನ ಬಾಗಿಲಿನಿಂದಲೂ ದೂರವಿಡಿ, ಮತ್ತು ಅತಿಥಿಗಳು ಹೊರಟ ಮೇಲೆ ಬ್ಯಾಟರಿ ಅದರಲ್ಲೇ ಇದೆಯೇ ಎಂದು ನೋಡಿ. ಪರೀಕ್ಷೆಗೆ ಅಗರಬತ್ತಿ ಬೇಡ, ಅದರ ಎಣ್ಣೆಯಂಶ ಒಳಗೆ ಅಂಟಿಕೊಳ್ಳುತ್ತದೆ. ಇದಕ್ಕೆಂದೇ ಸ್ಪ್ರೇ ಡಬ್ಬಗಳು ಸಿಗುತ್ತವೆ. ಕೃತಕ ಹೊಗೆ ಹೊರಗಿನಿಂದಲೇ ಒಳಹೋಗಿ ಅಲಾರಂ ಹೊಡೆಸಿದರೆ ಮಾತ್ರ ದಾರಿಯೆಲ್ಲ ತೆರೆದಿದೆ ಎಂದು ನಂಬಬಹುದು.

ಗ್ಯಾಸ್ ಡಿಟೆಕ್ಟರ್‌ನದು ಇದಕ್ಕಿಂತ ಕಷ್ಟದ ವಿಷಯ. ಗೋಡೆಯ ಪ್ಯಾನಲ್‌ನಲ್ಲಿ ಶೇಕಡಾವಾರು ಅಂಕಿ ಕಾಣುತ್ತದೆಂದು ಬರೆದಿದ್ದೀರಿ. ಅಂಥವುಗಳಲ್ಲಿ ಹೆಚ್ಚಿನವು ಕ್ಯಾಟಲಿಟಿಕ್ ಸೆನ್ಸರ್ ಬಳಸುತ್ತವೆ. ಅದರೊಳಗೆ ಪ್ಲಾಟಿನಂ ತಂತಿಯ ಸುರುಳಿಯನ್ನು ಅಡಗಿಸಿದ ಎರಡು ಚಿಕ್ಕ ಮಣಿಗಳಿರುತ್ತವೆ. ಒಂದಕ್ಕೆ ವೇಗವರ್ಧಕ, ಅಂದರೆ ಗ್ಯಾಸ್ ಸುಲಭವಾಗಿ ಉರಿಯುವಂತೆ ಮಾಡುವ ವಸ್ತು, ಸವರಿರುತ್ತದೆ, ಇನ್ನೊಂದಕ್ಕೆ ಇಲ್ಲ. ಸೋರಿದ ಗ್ಯಾಸ್ ಮೊದಲ ಮಣಿಯ ಮೇಲೆ ಉರಿದು ಅದರ ಶಾಖ ಏರುತ್ತದೆ, ತಂತಿಯ ರೋಧ ಹೆಚ್ಚುತ್ತದೆ, ಎರಡು ಮಣಿಗಳ ನಡುವಿನ ಆ ವ್ಯತ್ಯಾಸವೇ ಪ್ಯಾನಲ್‌ನಲ್ಲಿ ಅಂಕಿಯಾಗಿ ಕಾಣುತ್ತದೆ. ವೇಗವರ್ಧಕ ಸತ್ತುಹೋದರೆ ಏನಾಗುತ್ತದೆ ಎಂಬುದನ್ನು ಈಗ ಯೋಚಿಸಿ: ಎರಡೂ ಮಣಿಗಳು ಒಂದೇ ಥರ ಇರುತ್ತವೆ, ವ್ಯತ್ಯಾಸ ಸೊನ್ನೆಯಾಗುತ್ತದೆ, ಹಸಿರು ದೀಪ ಉರಿಯುತ್ತಲೇ ಇರುತ್ತದೆ. ಶುದ್ಧ ಗಾಳಿಯಲ್ಲಿರುವ ಒಳ್ಳೆಯ ಸೆನ್ಸರ್ ಮತ್ತು ಗ್ಯಾಸಿನ ನಡುವೆ ಕೂತಿರುವ ಸತ್ತ ಸೆನ್ಸರ್ ತೋರಿಸುವ ಅಂಕಿ ಒಂದೇ.

ಸೆನ್ಸರ್ ಸಾಯಲು ದೊಡ್ಡ ಕಾರಣವೇನೂ ಬೇಕಿಲ್ಲ. ಸಿಂಕಿನ ಸುತ್ತ ಹಚ್ಚುವ ಸಿಲಿಕೋನ್ ಸೀಲೆಂಟ್‌ನ ಆವಿ, ಸಿಲಿಕೋನ್ ಬೆರೆತ ಪಾಲಿಶ್ ಸ್ಪ್ರೇ, ಇವು ವೇಗವರ್ಧಕಕ್ಕೆ ವಿಷವಿದ್ದಂತೆ. ಅಡುಗೆಮನೆಯನ್ನು ನವೀಕರಿಸಿದ ಮೇಲೆ ಸೆನ್ಸರನ್ನು ಮತ್ತೆ ಪರೀಕ್ಷಿಸಲೇಬೇಕು ಎಂದು ನಾನು ಪಟ್ಟು ಹಿಡಿಯುವುದು ಇದಕ್ಕೇ.

ಇನ್ನು ಲೈಟರ್. ಎಲ್‌ಪಿಜಿ ಹೊತ್ತಿಕೊಳ್ಳಲು ಗಾಳಿಯಲ್ಲಿ ಅದರ ಪ್ರಮಾಣ ಕನಿಷ್ಠ ಸುಮಾರು ಶೇ. 2ರಷ್ಟಿರಬೇಕು. ನಿಮ್ಮ ಪ್ಯಾನಲ್‌ನ 100 ಎಂದರೆ ಈ ಮಿತಿ. ಮೊದಲ ಎಚ್ಚರಿಕೆಯನ್ನು ಸಾಮಾನ್ಯವಾಗಿ 20ಕ್ಕೆ, ಅಂದರೆ ಗಾಳಿಯಲ್ಲಿ ಗ್ಯಾಸ್ ಸುಮಾರು ಶೇ. 0.4ರಷ್ಟಿರುವಾಗಲೇ ಹೊಡೆಯುವಂತೆ ಇಟ್ಟಿರುತ್ತಾರೆ. ಲೈಟರಿನಿಂದ ಬರುವುದು ಹೆಚ್ಚುಕಡಿಮೆ ಶುದ್ಧ ಬ್ಯುಟೇನ್. ಅದನ್ನು ಸೆನ್ಸರಿನ ಮುಖಕ್ಕೇ ಬಿಟ್ಟಾಗ ಮಣಿ ಮಿತಿಮೀರಿ ಕಾದು, ಅದರ ಮೇಲೆ ಮಸಿ ಕಟ್ಟಿ, ಸೂಕ್ಷ್ಮತೆ ಕುಗ್ಗಬಹುದು. ಅದೂ ಅಲ್ಲದೆ ಅರ್ಧ ಸತ್ತಿರುವ ಸೆನ್ಸರ್ ಕೂಡ ಇಷ್ಟು ಗ್ಯಾಸಿಗೆ ಕೂಗಿಕೊಳ್ಳುತ್ತದೆ; ನಿಮಗೆ ಬೇಕಾದದ್ದು ಚಿಕ್ಕ ಸೋರಿಕೆಗೆ ಅದು ಏಳುತ್ತದೆಯೇ ಎಂಬ ಉತ್ತರ. ಸರಿಯಾದ ಕ್ರಮವೆಂದರೆ, ಇಂತಿಷ್ಟೇ ಪ್ರಮಾಣದ ಗ್ಯಾಸ್ ತುಂಬಿರುವ ಕ್ಯಾಲಿಬ್ರೇಷನ್ ಸಿಲಿಂಡರ್ ತಂದು, ಸೆನ್ಸರ್‌ಗೆ ಕಪ್ ಕೂರಿಸಿ, ಉದಾಹರಣೆಗೆ 50ರ, ಅಂದರೆ ಆ ಮಿತಿಯ ಅರ್ಧದಷ್ಟು ಪ್ರಮಾಣದ ಗ್ಯಾಸ್ ಬಿಟ್ಟಾಗ ಪ್ಯಾನಲ್ 50ರ ಸಮೀಪ ಏರುತ್ತದೆಯೇ, ಏರಲು ಎಷ್ಟು ಸೆಕೆಂಡ್ ಹಿಡಿಯಿತು ಎಂದು ನೋಡುವುದು.

ತನ್ನ ದೋಷವನ್ನು ತಾನೇ ಹೇಳಿಕೊಳ್ಳುವ ಸಾಧನಗಳು ಬಂದಿಲ್ಲವೇ ಎಂದೂ ಕೇಳಿದ್ದೀರಿ. ಬಂದಿವೆ. ಇನ್‌ಫ್ರಾರೆಡ್ ಡಿಟೆಕ್ಟರ್‌ನಲ್ಲಿ ಗ್ಯಾಸ್ ಹೀರಿಕೊಳ್ಳುವ ಬೆಳಕಿನ ತರಂಗಾಂತರದ ಜೊತೆಗೆ ಅದು ಹೀರದ ಇನ್ನೊಂದನ್ನೂ ಅಳೆಯುವುದರಿಂದ, ಗಾಜಿಗೆ ಕೊಳೆ ಹಿಡಿದರೆ ಅದು ತಾನಾಗಿಯೇ ದೋಷ ತೋರಿಸುತ್ತದೆ. ನನಗೆ ಬಹಳ ಮೆಚ್ಚಿಗೆಯಾದದ್ದು, ದೊಡ್ಡ ಸ್ಥಾವರಗಳಲ್ಲಿ ಅಧಿಕ ಒತ್ತಡದ ಗ್ಯಾಸ್ ಸೋರುವಾಗ ಹೊಮ್ಮುವ, ನಮ್ಮ ಕಿವಿಗೆ ಕೇಳದ ಶಬ್ದವನ್ನು ಆಲಿಸುವ ಸಾಧನ. ಅಂಥ ಕೆಲವುಗಳಲ್ಲಿ ಮೈಕ್ರೊಫೋನಿನ ಪಕ್ಕದಲ್ಲೇ ಶಬ್ದ ಹೊರಡಿಸುವ ಒಂದು ಭಾಗವಿರುತ್ತದೆ. ಅದು ಆಗಾಗ ಶಬ್ದ ಮಾಡುತ್ತದೆ, ಮೈಕ್ರೊಫೋನಿಗೆ ಕೇಳಿಸದಿದ್ದರೆ ದೋಷದ ಸೂಚನೆ ಹೋಗುತ್ತದೆ. ಹೋಂಸ್ಟೇಯ ಅಡುಗೆಮನೆಗೆ ಇವು ಬೇಕಿಲ್ಲ. ನಿಮಗೆ ಅಗತ್ಯವಿರುವುದು, ಆರು ತಿಂಗಳಿಗೊಮ್ಮೆ ಬಂದು ಸಿಲಿಂಡರ್ ಹಿಡಿದು ಪರೀಕ್ಷಿಸುವ ಒಬ್ಬ ಮನುಷ್ಯ.

ಎಲ್‌ಪಿಜಿ ಗಾಳಿಗಿಂತ ಭಾರವಾದ್ದರಿಂದ ಸೆನ್ಸರ್ ನೆಲದಿಂದ ಸುಮಾರು ಒಂದು ಅಡಿ ಎತ್ತರದಲ್ಲಿರಲಿ, ನೆಲ ತೊಳೆಯುವ ನೀರು ಅದಕ್ಕೆ ಸಿಡಿಯದಿರಲಿ. ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಇದ್ದರೆ ಅದರಿಂದ ಹೊಮ್ಮಬಹುದಾದ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ. ಅಡುಗೆಮನೆಯ ಡಿಟೆಕ್ಟರನ್ನು ಅದಕ್ಕೆ ನೆಚ್ಚಿಕೊಳ್ಳಬೇಡಿ, ಬೇರೆಯೇ ಡಿಟೆಕ್ಟರ್ ಬೇಕು. ಪರೀಕ್ಷೆಗೆ ಬಂದವರು ಗುಂಡಿ ಒತ್ತಿ ಸಹಿ ಹಾಕಲು ಹೊರಟರೆ ದಯವಿಟ್ಟು ತಡೆಯಿರಿ. ಸಿಲಿಂಡರಿನ ಮೇಲೆ ಬರೆದಿರುವ ಪ್ರಮಾಣವನ್ನೂ ಪ್ಯಾನಲ್ ತೋರಿಸಿದ ಅಂಕಿಯನ್ನೂ ನಿಮ್ಮೆದುರಿಗೇ ಪುಸ್ತಕದಲ್ಲಿ ಬರೆಸಿಕೊಳ್ಳಿ.