ಮೊಣಕಾಲು ಕೀಲು ಬದಲಿಸಿದ ಮೇಲೆ ಸೋಂಕು ಪದೇಪದೇ ಮರಳುವುದು ಯಾಕೆ?

ಮಾತ್ರೆ ನಿಲ್ಲಿಸಿದ ಕೂಡಲೇ ಅಮ್ಮನ ಮೊಣಕಾಲು ಮತ್ತೆ ಊದಿ ಕೀವಾಗುತ್ತದೆ, ಯಾಕೆ ಅಂತ ಕೇಳಿದ್ದೀರಿ. ಕಲಬುರಗಿಯಲ್ಲಿ ನಮ್ಮವ್ವನದೂ ಇದೇ ಕಥೆ. ರೋಗಾಣುಗಳು ಲೋಹದ ಕೀಲಿನ ಮೇಲೆ ಲೋಳೆ ಪದರ ಕಟ್ಟಿಕೊಂಡು ಕೂರುತ್ತವೆ, ಬಾವಿ ಮೆಟ್ಟಿಲಿನ ಪಾಚಿ ಇದ್ದ ಹಾಗೆ. ಆಂಟಿಬಯೋಟಿಕ್ ಅದರೊಳಗೆ ಸರಿಯಾಗಿ ಇಳಿಯುವುದಿಲ್ಲ. ಸುಮ್ನೆ ಮಾತ್ರೆ ಬದಲಿಸುತ್ತಾ ಹೋಗಬೇಡಿ. ಕೀಲಿನ ನೀರು ತೆಗೆಸಿ ಕಲ್ಚರ್, ಅಂದರೆ ಯಾವ ರೋಗಾಣು ಅಂತ ಬೆಳೆಸಿ ನೋಡುವ ಪರೀಕ್ಷೆ, ಮಾಡಿಸಿ. ಮಾತ್ರೆ ನಡೆಯುತ್ತಿರುವಾಗ ಮಾಡಿಸಿದರೆ ರೋಗಾಣು ಸಿಗದೇ ಹೋಗಬಹುದು, ಹಾಗಾಗಿ ಯಾವಾಗ ನಿಲ್ಲಿಸಬೇಕೆಂದು ಡಾಕ್ಟರನ್ನೇ ಕೇಳಿ.

ಹಳೇ ಸೋಂಕಾದರೆ ಹೆಚ್ಚಾಗಿ ಕೀಲನ್ನೇ ತೆಗೆದು, ಔಷಧಿ ಬೆರೆಸಿದ ಸಿಮೆಂಟ್ ತುಂಡು ಇಟ್ಟು, ಸುಮಾರು 6 ವಾರ ಆಂಟಿಬಯೋಟಿಕ್ ಕೊಟ್ಟು, ಆಮೇಲೆ ಹೊಸದು ಹಾಕುತ್ತಾರೆ. ಅಷ್ಟು ದಿನ ನಮ್ಮವ್ವನಿಗೆ ವಾಕರ್ರೇ ಗತಿ. ಶುಗರ್ ಹಿಡಿತದಲ್ಲಿರಲಿ. ನಮ್ಮ ಕಡೆ ಹಿಮ್ಮಡಿ ಒಡೆಯುವುದು ಜಾಸ್ತಿ ಅಲ್ವಾ, ಆ ಬಿರುಕೂ ರೋಗಾಣುವಿಗೆ ದಾರಿ. ಅವ್ವ ಈಗ ಕೊಬ್ಬರಿ ಎಣ್ಣೆ ಹಚ್ಚಿಕೊಂಡೇ ಮಲಗುತ್ತಾಳೆ.