ಪ್ರಾರ್ಥನೆಯೇ ಬಾಯಿಗೆ ಬರುತ್ತಿಲ್ಲ ಅಕ್ಕಾ

ಪ್ರಶ್ನೆ: ಅಕ್ಕಾ, ನಮ್ಮದು ಅಜ್ಜನ ಕಾಲದಿಂದಲೂ ಕ್ರೈಸ್ತ ಮನೆತನ. ಯಜಮಾನರು ಆಟೊ ಓಡಿಸುತ್ತಿದ್ದರು. ಎರಡು ವರ್ಷದ ಹಿಂದೆ ಎರಡೂ ಕಿಡ್ನಿ ಕೈಕೊಟ್ಟವು. ಈಗ ವಾರಕ್ಕೆ ಮೂರು ದಿನ ಡಯಾಲಿಸಿಸ್. ಬಿಪಿಎಲ್ ಕಾರ್ಡ್ ಇರುವುದರಿಂದ ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ದುಡ್ಡಿಲ್ಲ. ಆದರೆ ಬಸ್ಸು, ಇಂಜೆಕ್ಷನ್, ಮನೆ ಬಾಡಿಗೆ ಎಲ್ಲಾ ಇದೆಯಲ್ಲ? ಆಟೊ ಮಾರಿದೆವು. ನಾನು ಬ್ಲೌಸ್ ಹೊಲಿಯುತ್ತೇನೆ, ಅದೂ ಆ ಮೂರು ದಿನ ನಿಲ್ಲುತ್ತದೆ. ರಾತ್ರಿ ಮೊಣಕಾಲೂರಿದರೆ ಒಂದು ಮಾತೂ ಬರುವುದಿಲ್ಲ. ಚರ್ಚಿನಲ್ಲಿ ಎಲ್ಲರೂ ಹಾಡುವಾಗ ಸುಮ್ನೆ ಬಾಯಿ ಆಡಿಸುತ್ತೇನೆ. ನಾದಿನಿ "ಯಾವುದೋ ಪಾಪ ಇರಬೇಕು, ಒಪ್ಪಿಕೊಳ್ಳಿ" ಎನ್ನುತ್ತಾಳೆ. ಪ್ರಾರ್ಥನಾ ಕೂಟಕ್ಕೆ ಬಂದಿದ್ದ ಬೋಧಕರೊಬ್ಬರು "ಪೂರ್ತಿ ವಿಶ್ವಾಸ ಇದ್ದರೆ ಮಷಿನ್ ಬಿಡಿ, ಕರ್ತನು ವಾಸಿ ಮಾಡುತ್ತಾನೆ" ಎಂದರು. ಯಜಮಾನರ ತಲೆಯಲ್ಲಿ ಅದೇ ಕೂತಿದೆ. ಹತ್ತನೇ ತರಗತಿಯ ಮಗ ಚರ್ಚಿಗೆ ಬರುವುದನ್ನೇ ಬಿಟ್ಟ. ನಾನು ವಿಶ್ವಾಸದಲ್ಲಿ ನಿಲ್ಲುವುದು ಹೇಗೆ?
— ಹೆಸರು ಬೇಡ, ಗದಗ ಜಿಲ್ಲೆ

ಉತ್ತರ: ತಂಗಿ, ಮೊದಲು ಮಷಿನ್ ವಿಷಯ ಮುಗಿಸೋಣ. ಉಳಿದದ್ದೆಲ್ಲ ಆಮೇಲೆ. ನಿವೃತ್ತಿಯಾಗುವ ತನಕ ವಾರ್ಡಿನಲ್ಲೇ ಬದುಕಿದ ನರ್ಸ್ ನಾನು. ಡಯಾಲಿಸಿಸ್ ಬಿಟ್ಟರೆ ನೀರು ಶ್ವಾಸಕೋಶಕ್ಕೆ ತುಂಬಿಕೊಳ್ಳುತ್ತದೆ. ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ, ಏರಿದರೆ ಹೃದಯ ನಿಂತೇ ಹೋಗಬಹುದು. ಆಗ ಆ ಬೋಧಕರು ಬೇರೆ ಊರಿನ ಕೂಟದಲ್ಲಿರುತ್ತಾರೆ, ಆಂಬುಲೆನ್ಸ್ ಹುಡುಕುವವರು ನೀವು.

ಯಜಮಾನರಿಗೆ ನನ್ನ ಮಾತು ಸಾಲದಿದ್ದರೆ ಸತ್ಯವೇದವನ್ನೇ (ಬೈಬಲ್) ತೆರೆದು ಓದಿಸಿ. ಅರಸುಗಳು ಎರಡನೇ ಪುಸ್ತಕ, 20ನೇ ಅಧ್ಯಾಯ. ಅರಸ ಹಿಜ್ಕೀಯನಿಗೆ ಸಾಯುವಂಥ ಕಾಯಿಲೆ. ಗೋಡೆಯ ಕಡೆ ಮುಖ ತಿರುಗಿಸಿ ಅತ್ತು ಪ್ರಾರ್ಥಿಸುತ್ತಾನೆ. ದೇವರು ಕೇಳುತ್ತಾನೆ, ಆಯುಷ್ಯಕ್ಕೆ 15 ವರ್ಷ ಕೂಡಿಸುತ್ತೇನೆ ಎಂದು ಹೇಳಿ ಕಳಿಸುತ್ತಾನೆ. ಅಷ್ಟಾದ ಮೇಲೂ ಪ್ರವಾದಿ ಯೆಶಾಯ ಏನು ಮಾಡಿಸಿದ? ಹುಣ್ಣಿನ ಮೇಲೆ ಅಂಜೂರದ ಪಟ್ಟು ಹಾಕಿಸಿದ. ವಾಸಿ ಮಾಡುತ್ತೇನೆಂದು ಸ್ವತಃ ದೇವರೇ ಮಾತು ಕೊಟ್ಟ ಮೇಲೂ ಔಷಧ ಬೇಕಾಯಿತು! ಊರೂರು ಸುತ್ತಿ ಸುವಾರ್ತೆ ಸಾರಿದ ಪೌಲನ ಜೊತೆಗಾರ ಲೂಕನೂ ವೈದ್ಯನೇ. ನಿಮ್ಮ ಯಜಮಾನರು ಸೂಜಿಗೆ ಕೈ ಚಾಚಿ ನಾಲ್ಕು ತಾಸು ಮಲಗುತ್ತಾರಲ್ಲ, ಅದು ಅವಿಶ್ವಾಸವೇನೂ ಅಲ್ಲ. ಹಾಗೇ ಇನ್ನೊಂದು ಮಾತು: ನೋಡಲು ಬರುವವರು ಪ್ರೀತಿಯಿಂದ ಎಳನೀರು, ಬಾಳೆಹಣ್ಣು ತರುತ್ತಾರೆ. ಎರಡರಲ್ಲೂ ಪೊಟ್ಯಾಸಿಯಂ ಜಾಸ್ತಿ. ಅವರ ಕೈಗೆ ಕೊಡಬೇಡಿ, ನೀವೂ ಮಗನೂ ಕುಡಿದು ತಿಂದುಬಿಡಿ.

ನಾದಿನಿಗೆ ಉತ್ತರ ಯೋಹಾನನ ಸುವಾರ್ತೆಯ 9ನೇ ಅಧ್ಯಾಯದಲ್ಲಿದೆ. ಹುಟ್ಟುಕುರುಡನನ್ನು ನೋಡಿ ಶಿಷ್ಯರು ಕೇಳಿದ್ದೂ ಇದನ್ನೇ: ಪಾಪ ಮಾಡಿದವರು ಯಾರು, ಇವನೋ ಇವನ ತಂದೆ ತಾಯಿಯೋ? ಇಬ್ಬರೂ ಅಲ್ಲ ಎಂದ ಯೇಸು. ಇದರ ಬಗ್ಗೆ ನಾನು ಜಾಸ್ತಿ ಬರೆಯುವುದಿಲ್ಲ. ಬರೆದರೆ ಸಿಟ್ಟು ಬರುತ್ತದೆ.

ಇನ್ನು ನಿಮ್ಮ ವಿಷಯ. ಕಾಗದದಲ್ಲಿ ಯಜಮಾನರ ಡಯಾಲಿಸಿಸ್, ಇಂಜೆಕ್ಷನ್ ಎಲ್ಲಾ ಇದೆ. ನೀವು ಏನು ತಿನ್ನುತ್ತೀರಿ, ಎಷ್ಟು ಹೊತ್ತಿಗೆ ಮಲಗುತ್ತೀರಿ ಎಂದು ಒಂದು ಸಾಲೂ ಇಲ್ಲ. ವಾರ್ಡಿನಲ್ಲಿ ನಾನು ಇದನ್ನು ಬಹಳ ನೋಡಿದ್ದೇನೆ. ರೋಗಿಯ ಬಿಪಿ ನೋಡಿ ತಿರುಗಿದರೆ ಪಕ್ಕದ ಸ್ಟೂಲಿನ ಮೇಲೆ ಹೆಂಡತಿ ಬಿಳಿಚಿಕೊಂಡು ಕೂತಿರುತ್ತಾಳೆ. ಟಿಫಿನ್ ಡಬ್ಬಿಯಲ್ಲಿ ಅವನಿಗೆ ತಂದ ಉಪ್ಪಿಲ್ಲದ ಅನ್ನ ಇರುತ್ತದೆ, ಅವಳಿಗೇ ಅಂತ ಏನೂ ಇರುವುದಿಲ್ಲ. ಕೇಳಿದರೆ "ನನ್ನದಾಯ್ತು ಸಿಸ್ಟರ್" ಎನ್ನುತ್ತಾಳೆ. ಆಗಿರುವುದಿಲ್ಲ. ಅಂಥವರಿಗೆ ನಾನು ವಚನ ಹೇಳುತ್ತಿರಲಿಲ್ಲ. ಚಹಾ, ಬನ್ನು ತರಿಸಿ ನನ್ನೆದುರಿಗೇ ತಿನ್ನಿಸುತ್ತಿದ್ದೆ.

ಎಲೀಯನಿಗೂ ಹಾಗೇ ಆಯಿತು. ಕೊಲ್ಲಿಸುತ್ತೇನೆಂದ ರಾಣಿ ಈಜೆಬೆಲಳಿಗೆ ಹೆದರಿ ಅಡವಿಗೆ ಓಡಿ, ಗಿಡದ ಕೆಳಗೆ ಬಿದ್ದು "ಸಾಕಪ್ಪಾ, ನನ್ನ ಪ್ರಾಣ ತೆಗೆದುಕೋ" ಎಂದ. ಅಂಥಾ ಪ್ರವಾದಿ! ದೇವದೂತ ಬಂದು ಬೈಯಲಿಲ್ಲ, ವಿಶ್ವಾಸ ಎಲ್ಲಿ ಹೋಯಿತು ಎಂದು ಕೇಳಲೂ ಇಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು ಇಟ್ಟು ಎಬ್ಬಿಸಿದ. ತಿಂದು ಮತ್ತೆ ಮಲಗಿದ. ದೂತ ಮತ್ತೆ ಎಬ್ಬಿಸಿ ಇನ್ನೊಮ್ಮೆ ತಿನ್ನಿಸಿದ. ಹೋರೇಬ್ ಬೆಟ್ಟದಲ್ಲಿ ದೇವರ ಜೊತೆ ಮಾತುಕತೆ ನಡೆದದ್ದು ಇದೆಲ್ಲ ಆದಮೇಲೆ. ಹಾಗಾಗಿ ಸದ್ಯಕ್ಕೆ ರಾತ್ರಿ ಮೊಣಕಾಲೂರುವುದು ಬೇಡ, ಬೇಗ ಮಲಗಿ. ಇದನ್ನು ನಾನು ಗಂಭೀರವಾಗಿಯೇ ಹೇಳುತ್ತಿದ್ದೇನೆ.

ಮಾತು ಬರದಿದ್ದಾಗ 88ನೇ ಕೀರ್ತನೆ ಓದಿ. ಬೇರೆ ಹೆಚ್ಚಿನ ಗೋಳಿನ ಕೀರ್ತನೆಗಳು ಕೊನೆಗಾದರೂ ಸ್ತೋತ್ರದ ಕಡೆ ಹೊರಳುತ್ತವೆ. ಇದು ಹೊರಳುವುದೇ ಇಲ್ಲ. ನನ್ನನ್ನು ಯಾಕೆ ದೂರ ತಳ್ಳಿದೆ ಎಂದು ಕೇಳುತ್ತಾ ಕೇಳುತ್ತಾ ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನು ಸತ್ಯವೇದದಿಂದ ಯಾರೂ ಕಿತ್ತು ಹಾಕಲಿಲ್ಲ, ಅಲ್ವಾ? ಹಾಗಾದರೆ ನಿಮ್ಮ ದೂರಿಗೂ ಅಲ್ಲಿ ಜಾಗ ಇದೆ. ಮದರ್ ತೆರೇಸಾ ತಮ್ಮ ಗುರುಗಳಿಗೆ ಬರೆದ ಪತ್ರಗಳು 2007ರಲ್ಲಿ ಹೊರಗೆ ಬಂದವು. ದೇವರು ಹತ್ತಿರ ಇದ್ದಾನೆ ಅನ್ನಿಸದೆಯೇ ಅವರು ಹತ್ತಾರು ವರ್ಷ ಕೆಲಸ ಮಾಡಿದ್ದರು ಎಂದು ಅವುಗಳಿಂದ ಗೊತ್ತಾಯಿತು. ನಾವು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಎಂಬ ಪ್ರೊಟೆಸ್ಟಂಟ್ ಸಭೆಯವರು, ಅವರು ಕ್ಯಾಥೋಲಿಕ್. ಆದರೇನು, ಕತ್ತಲೆ ಎಲ್ಲರಿಗೂ ಒಂದೇ.

ಚರ್ಚಿನಲ್ಲಿ ಸುಮ್ನೆ ಬಾಯಿ ಆಡಿಸುತ್ತೇನೆ ಎಂದಿರಿ. ಆಡಿಸಿ. ಇಲ್ಲವೇ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತುಕೊಳ್ಳಿ. ಬರುವುದನ್ನು ಮಾತ್ರ ಬಿಡಬೇಡಿ. ಕಪೆರ್ನೌಮಿನ ಪಾರ್ಶ್ವವಾಯು ರೋಗಿಯ ಕಥೆ ನಿಮಗೆ ಸಂಡೇ ಸ್ಕೂಲಿನಿಂದಲೇ ಗೊತ್ತು. ನಾಲ್ಕು ಜನ ಅವನನ್ನು ಹೊತ್ತು ತಂದರು. ಬಾಗಿಲಲ್ಲಿ ಜನ. ಮಾಳಿಗೆ ಹತ್ತಿ, ಚಾವಣಿ ಬಿಚ್ಚಿ, ಹಾಸಿಗೆ ಸಮೇತ ಇಳಿಸಿದರು. ಯೇಸು "ಅವರ" ನಂಬಿಕೆಯನ್ನು ನೋಡಿದ ಎಂದು ಮಾರ್ಕ ಬರೆದಿದ್ದಾನೆ. ಮಲಗಿದ್ದವನು ಪ್ರಾರ್ಥಿಸಿದ ಎಂದು ಎಲ್ಲೂ ಇಲ್ಲ. ವಾಸಿಯಾಗುವ ತನಕ ಬಾಯಿ ತೆರೆದ ಎಂದೂ ಇಲ್ಲ. ಈ ವರ್ಷ ಮಲಗಿರುವವರು ನೀವು. ಹೊರುವ ಕೆಲಸ ಸಭೆಯದು. ವಿಶ್ವಾಸದಲ್ಲಿ ಒಬ್ಬಳೇ ಗಟ್ಟಿಯಾಗಿ ನಿಲ್ಲಬೇಕು ಎಂದು ನಿಮಗೆ ಹೇಳಿದವರು ಯಾರೋ ಗೊತ್ತಿಲ್ಲ, ನಾನಂತೂ ಹೇಳುವುದಿಲ್ಲ.

ಮಗನನ್ನು ಸದ್ಯ ಒತ್ತಾಯ ಮಾಡಬೇಡಿ. ಡಯಾಲಿಸಿಸ್ ಸೂಜಿ ಚುಚ್ಚುವ ಅಪ್ಪನ ಕೈಯಲ್ಲಿ ಉಬ್ಬಿದ ನರ ದಿನಾ ನೋಡುವ ಹುಡುಗ. ಅವನಿಗೆ ಕೋಪ ಇದ್ದೇ ಇರುತ್ತದೆ. ದೇವರು ಇದ್ದಾನಾ ಎಂದು ಕೇಳಿದರೆ ಬಾಯಿ ಮುಚ್ಚಿಸಬೇಡಿ. ಹಬಕ್ಕೂಕ ಪ್ರವಾದಿಯ ಪುಸ್ತಕ ಶುರುವಾಗುವುದೇ ಅಂಥ ಜಗಳದಿಂದ: ಇನ್ನೆಷ್ಟು ದಿನ ಕೂಗಲಿ, ನೀನು ಕೇಳುವುದೇ ಇಲ್ಲವಲ್ಲ ಎಂದು. ನಿಮ್ಮ ಸಭೆಯ ಯುವಕರಲ್ಲಿ ಒಬ್ಬರು ಅವನಿಗೆ ಗಣಿತ ಹೇಳಿಕೊಡಲಿ, ಸಂಜೆ ಕ್ರಿಕೆಟ್‌ಗೆ ಕರೆದುಕೊಂಡು ಹೋಗಲಿ. ಉಪದೇಶ ಬೇಡ.

ಸ್ತ್ರೀಯರ ಕೂಟದಲ್ಲಿ "ನಮಗಾಗಿ ಪ್ರಾರ್ಥಿಸಿ" ಎಂದು ಮಾತ್ರ ಹೇಳಿ ಬರಬೇಡಿ. ಮೂರು ದಿನದಲ್ಲಿ ಒಂದು ದಿನ ಯಾರಾದರೂ ಯಜಮಾನರ ಜೊತೆ ಆಸ್ಪತ್ರೆಗೆ ಹೋಗಬಲ್ಲಿರಾ ಎಂದು ಕೇಳಿ. ನಿಮಗೆ ಒಂದು ದಿನದ ಹೊಲಿಗೆ ಉಳಿಯುತ್ತದೆ. ಕೇಳಲು ನಾಚಿಕೆಯಾದರೆ ಸಭಾಪಾಲಕರ ಮನೆಯವರಿಗೆ ಈ ಪುಟ ತೋರಿಸಿ, ತೋರಿಸಲು ನಾನೇ ಹೇಳಿದೆ ಅನ್ನಿ.