ಎರಡು ಸಲ ಬಂದು ಹೋದ ಮಲೇರಿಯಾ ಮೂರನೇ ಸಲ ಐಸಿಯುಗೆ ಕಳಿಸಿದ್ದೇಕೆ?

ನೈಜೀರಿಯಾದ ಲಾಗೋಸ್‌ನಲ್ಲಿ ಕೆಲಸದಲ್ಲಿರುವ ಮಂಗಳೂರಿನ ಓದುಗರೊಬ್ಬರ ಪತ್ರದ ಸಾರ: ‘ಊರಲ್ಲಿದ್ದಾಗ ಎರಡು ಸಲ ಮಲೇರಿಯಾ ಬಂದು ಮಾತ್ರೆಯಲ್ಲೇ ವಾಸಿಯಾಗಿತ್ತು. ಇಲ್ಲಿ ಬಂದಾಗ ಐಸಿಯು ಸೇರಬೇಕಾಯಿತು. ಅದೇ ವಾರ ಮಲೇರಿಯಾ ಬಂದ ನಮ್ಮ ಡ್ರೈವರ್ ಎರಡೇ ದಿನದಲ್ಲಿ ಎದ್ದು ಓಡಾಡಿದರು. ಇಲ್ಲಿಯವರ ರಕ್ತವೇ ಬೇರೆಯೇ? ನನಗೂ ಈಗ ಪ್ರತಿರೋಧ ಬಂದಿರಬೇಕಲ್ಲ? ರಜೆಗೆ ಬಂದಾಗ ಆ್ಯಂಟಿಬಾಡಿ ಟೆಸ್ಟ್ ಮಾಡಿಸಿ ತಡೆಮಾತ್ರೆ ನಿಲ್ಲಿಸಬಹುದೇ? ಪುಣೆಯಲ್ಲಿ ತಯಾರಾಗುವ ಲಸಿಕೆ ನನಗೆ ಸಿಗುತ್ತದೆಯೇ?’

ಸಂಪಾದಕರ ಉತ್ತರ:

ಮಾತ್ರೆ ನಿಲ್ಲಿಸಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಕಾರಣ ಆಮೇಲೆ.

ಮಲೇರಿಯಾ ತರುವ ರೋಗಾಣುವಿನಲ್ಲಿ ಹಲವು ಜಾತಿಗಳಿವೆ. ಮಂಗಳೂರಿನಲ್ಲಿ ನಿಮಗೆ ಬಂದಿದ್ದು ಬಹುಶಃ ವೈವ್ಯಾಕ್ಸ್ ಎಂಬ ಜಾತಿಯದು; ಅಲ್ಲಿನ ಮಲೇರಿಯಾದಲ್ಲಿ ಸಿಂಹಪಾಲು ಅದರದ್ದೇ. ಲಾಗೋಸ್‌ನದು ಫಾಲ್ಸಿಪಾರಮ್ ಎಂಬ ಇನ್ನೊಂದು ಜಾತಿ ಇರಬೇಕು. ವೈವ್ಯಾಕ್ಸ್ ಎಳೆಯ ಕೆಂಪು ರಕ್ತಕಣಗಳನ್ನು ಮಾತ್ರ ಹುಡುಕಿ ಹೊಗುತ್ತದೆ, ಹಾಗಾಗಿ ರಕ್ತದಲ್ಲಿ ಅದು ಮಿತಿಮೀರಿ ಹೆಚ್ಚುವುದು ಕಡಿಮೆ. (ಸಾಧು ಪ್ರಾಣಿ ಎಂದಲ್ಲ, ಯಕೃತ್ತಿನಲ್ಲಿ ಅಡಗಿ ಕೂತು ತಿಂಗಳುಗಟ್ಟಲೆ ಬಿಟ್ಟು ಮತ್ತೆ ಕಾಡುತ್ತದೆ.) ಫಾಲ್ಸಿಪಾರಮ್‌ಗೆ ಎಳೆಯದು, ಬಲಿತದ್ದು ಎಂಬ ಭೇದವಿಲ್ಲ. ಸಾಲದ್ದಕ್ಕೆ, ಹೊಕ್ಕ ಕಣದ ಹೊರಮೈಗೆ ಪಿಎಫ್‌ಇಎಂಪಿ-1 ಎಂಬ ಅಂಟು ಪ್ರೋಟೀನನ್ನು ತಂದು ಕೂರಿಸುತ್ತದೆ. ಆ ಕಣ ಸಣ್ಣ ರಕ್ತನಾಳಗಳ ಗೋಡೆಗೆ ಕಚ್ಚಿಕೊಂಡು, ಕೆಟ್ಟ ರಕ್ತಕಣಗಳನ್ನು ಸೋಸಿ ತೆಗೆಯುವ ಗುಲ್ಮದ (ಸ್ಪ್ಲೀನ್) ಕೈಗೆ ಸಿಗದೆ ಉಳಿಯುತ್ತದೆ. ಮಿದುಳಿನ ನಾಳಗಳಲ್ಲಿ ಇಂಥ ಕಣಗಳು ಕಿಕ್ಕಿರಿದರೆ ಪ್ರಜ್ಞೆ ತಪ್ಪುತ್ತದೆ. ವೈವ್ಯಾಕ್ಸ್‌ನಿಂದ ನಿಮ್ಮ ದೇಹ ಕಲಿತ ಪಾಠ ಇದಕ್ಕೆ ಸಾಲದು.

ರಕ್ತದ ಬಗೆಗಿನ ನಿಮ್ಮ ಊಹೆ ಪೂರ್ತಿ ತಪ್ಪಲ್ಲ. ಕೆಂಪು ರಕ್ತಕಣಗಳನ್ನು ಕುಡುಗೋಲಿನಂತೆ ಬಾಗಿಸುವ ಸಿಕಲ್ ಸೆಲ್ ಕಾಯಿಲೆಯ ಜೀನಿನ ಒಂದೇ ಪ್ರತಿ ಇದ್ದವರಿಗೆ ಮಲೇರಿಯಾದಿಂದ ರಕ್ಷಣೆಯಿದೆ ಎಂದು ಆಂಥನಿ ಆಲಿಸನ್ 1954ರಲ್ಲೇ ತೋರಿಸಿದ್ದರು. ನೈಜೀರಿಯಾದಲ್ಲಿ ಅಂಥವರು ಬಹಳ. ಆದರೆ ನಿಮ್ಮ ಡ್ರೈವರ್ ಅಲ್ಲೇ ಹುಟ್ಟಿ ಬೆಳೆದವರಾದರೆ, ಅವರನ್ನು ಕಾಯುತ್ತಿರುವುದು ಹೆಚ್ಚಾಗಿ ಬಾಲ್ಯದಿಂದ ಕೂಡಿಟ್ಟ ಆ್ಯಂಟಿಬಾಡಿಗಳು.

ಇದಕ್ಕೆ ನೇರ ಸಾಕ್ಷ್ಯ ಸಿಕ್ಕಿದ್ದು ಗ್ಯಾಂಬಿಯಾದಲ್ಲಿ. ಕೊಹೆನ್, ಮೆಕ್‌ಗ್ರೆಗರ್ ಮತ್ತು ಕ್ಯಾರಿಂಗ್ಟನ್ ಅಲ್ಲಿನ ವಯಸ್ಕರ ರಕ್ತದಿಂದ ಗ್ಯಾಮಾ ಗ್ಲಾಬ್ಯುಲಿನ್, ಅಂದರೆ ಆ್ಯಂಟಿಬಾಡಿ ಇರುವ ಭಾಗವನ್ನು, ಬೇರ್ಪಡಿಸಿ ಮಲೇರಿಯಾದಿಂದ ನರಳುತ್ತಿದ್ದ ಪುಟ್ಟ ಮಕ್ಕಳಿಗೆ ಚುಚ್ಚಿದರು. ಕೆಲವೇ ದಿನಗಳಲ್ಲಿ ರಕ್ತದಲ್ಲಿನ ರೋಗಾಣುಗಳು ಕುಸಿದವು, ಜ್ವರ ಇಳಿಯಿತು. ಮಲೇರಿಯಾ ಕಾಣದ ಬ್ರಿಟನ್ನಿನವರ ಗ್ಲಾಬ್ಯುಲಿನ್‌ನಿಂದ ಅಂಥ ಫಲ ಸಿಗಲಿಲ್ಲ. ಈ ಫಲಿತಾಂಶ ಪ್ರಕಟವಾದದ್ದು 1961ರಲ್ಲಿ. ಇಂದು ಮಕ್ಕಳ ಮೇಲೆ ಹೀಗೆ ಪ್ರಯೋಗ ಮಾಡಲು ಯಾವ ಸಮಿತಿಯೂ ಸುಲಭವಾಗಿ ಒಪ್ಪಲಾರದು, ಆದರೆ ಅಲ್ಲಿಂದೀಚೆಗೆ ಆ್ಯಂಟಿಬಾಡಿಯ ಪಾತ್ರದ ಬಗ್ಗೆ ಅನುಮಾನ ಉಳಿಯಲಿಲ್ಲ.

ಹಾಗಾದರೆ ಒಮ್ಮೆ ಬಂದರೆ ಸಾಕಲ್ಲ, ಸಿಡುಬಿನ ಹಾಗೆ? ಸಾಲದು. ಒಂದೊಂದು ಫಾಲ್ಸಿಪಾರಮ್ ರೋಗಾಣುವಿನ ಬಳಿಯೂ ಆ ಅಂಟು ಪ್ರೋಟೀನಿನ ಸುಮಾರು 60 ಜೀನ್‌ಗಳಿವೆ. ಒಂದನ್ನು ದೇಹ ಗುರುತಿಸುವಷ್ಟರಲ್ಲಿ ಇನ್ನೊಂದನ್ನು ತೊಡುತ್ತದೆ. ಬೇರೆ ತಳಿಯದಕ್ಕೆ ಬೇರೆಯದೇ ಕಂತೆ. ಇವನ್ನು ಒಂದೊಂದಾಗಿ ಎದುರಿಸುತ್ತಾ ಮಕ್ಕಳು ಬೆಳೆಯುತ್ತಾರೆ. ಪ್ರಾಣಾಪಾಯದಿಂದ ರಕ್ಷಣೆ ಬೇಗ ಬರುತ್ತದೆ, ಸಾಮಾನ್ಯ ಜ್ವರದಿಂದ ಬರಲು ವರ್ಷಗಳು ಬೇಕು, ಸೋಂಕೇ ತಗಲದಂಥ ರಕ್ಷಣೆ ಬರುವುದೇ ಇಲ್ಲ ಎನ್ನಬಹುದು. ಆರಾಮಾಗಿ ಓಡಾಡಿಕೊಂಡಿರುವವರ ರಕ್ತದಲ್ಲೂ ರೋಗಾಣು ಸಿಗುವುದು ಅಲ್ಲಿ ಮಾಮೂಲು.

ಹೊಸ ಅಂಟಿಗೆ ಹೊಸ ಆ್ಯಂಟಿಬಾಡಿಯೇ ಬೇಕು ಎಂಬುದು ಬಸುರಿಯರಲ್ಲಿ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಮಲೇರಿಯಾಕ್ಕೆ ಒಗ್ಗಿ ಬೆಳೆದ ಹೆಣ್ಣುಮಗಳು ಚೊಚ್ಚಲ ಬಸಿರಿನಲ್ಲಿ ಮತ್ತೆ ಅದಕ್ಕೆ ಸುಲಭದ ತುತ್ತಾಗುತ್ತಾಳೆ, ರಕ್ತಹೀನತೆಯಿಂದ ಬಳಲುತ್ತಾಳೆ, ಮಗು ಕಡಿಮೆ ತೂಕದ್ದಾಗುತ್ತದೆ. ಮಾಸು, ಅಂದರೆ ಪ್ಲಾಸೆಂಟಾ, ಆಕೆಯ ಮೈಯಲ್ಲಿ ಹಿಂದೆಂದೂ ಇರದಿದ್ದ ಅಂಗ. ಅಲ್ಲಿನ ಕಾಂಡ್ರಾಯ್ಟಿನ್ ಸಲ್ಫೇಟ್-ಎ ಎಂಬ ವಸ್ತುವಿಗೆ ಅಂಟುವ ರೋಗಾಣುಗಳನ್ನು ಫ್ರೀಡ್ ಮತ್ತು ಡಫಿ 1996ರಲ್ಲಿ ವರದಿ ಮಾಡಿದರು. ಆ ಅಂಟಿನ ವಿರುದ್ಧ ಆಕೆಯಲ್ಲಿ ಆ್ಯಂಟಿಬಾಡಿ ಇರುವುದಿಲ್ಲ. ಎರಡನೇ, ಮೂರನೇ ಬಸಿರಿನ ಹೊತ್ತಿಗೆ ಬೆಳೆದಿರುತ್ತದೆ, ಕಾಯಿಲೆಯ ಕಾವೂ ತಗ್ಗಿರುತ್ತದೆ.

ಡ್ರೈವರ್ ಅದೃಷ್ಟವಂತರು ಎನ್ನುವ ಮುಂಚೆ ಇದನ್ನೂ ನೋಡಿ. 2023ರಲ್ಲಿ ಜಗತ್ತಿನಲ್ಲಿ ಮಲೇರಿಯಾದಿಂದ ಸತ್ತವರು ಸುಮಾರು 5,97,000 ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಬಹುತೇಕರು ಆಫ್ರಿಕಾದವರು, ಅವರಲ್ಲೂ ಮುಕ್ಕಾಲು ಪಾಲು ಐದು ವರ್ಷದೊಳಗಿನ ಮಕ್ಕಳು. ಅಲ್ಲಿನ ವಯಸ್ಕರ ಪ್ರತಿರೋಧ ಬದುಕುಳಿದವರ ಪ್ರತಿರೋಧ. ಅದೂ ಶಾಶ್ವತವಲ್ಲ: ಲಂಡನ್‌ನಲ್ಲಿ ಹಲವು ವರ್ಷ ಇದ್ದು ಹಬ್ಬಕ್ಕೆ ಊರಿಗೆ ಹೋಗುವ ನೈಜೀರಿಯನ್ನರೂ ಮಲೇರಿಯಾ ಹಿಡಿಸಿಕೊಂಡು ಮರಳುತ್ತಾರೆ.

ಆ್ಯಂಟಿಬಾಡಿ ಟೆಸ್ಟಿಗೆ ದುಡ್ಡು ಸುರಿಯಬೇಡಿ. ಹಿಂದೆ ಸೋಂಕು ತಗಲಿತ್ತು ಎಂದಷ್ಟೇ ಅದು ಹೇಳುತ್ತದೆ. ಇಷ್ಟು ಪ್ರಮಾಣವಿದ್ದರೆ ನೀವು ಕ್ಷೇಮ ಎಂಬ ಒಪ್ಪಿತ ಅಂಕಿ ಇಲ್ಲ.

ಲಸಿಕೆ ನಿಮಗಲ್ಲ. ಆಕ್ಸ್‌ಫರ್ಡ್ ರೂಪಿಸಿದ, ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ತಯಾರಿಸುವ ಆರ್21 ಅನ್ನು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಶಿಫಾರಸು ಮಾಡಿದ್ದು ಮಲೇರಿಯಾ ಪೀಡಿತ ಪ್ರದೇಶದ ಮಕ್ಕಳಿಗೆ. ಸೊಳ್ಳೆ ಕಚ್ಚಿದಾಗ ಒಳಬರುವ ರೋಗಾಣುವನ್ನು ಯಕೃತ್ತು ಸೇರುವ ಮುನ್ನ ತಡೆಯುವುದು ಅದರ ಕೆಲಸ.

ರಜೆಗೆ ಬಂದ ಮೇಲೂ ಮಾತ್ರೆಯ ಕೋರ್ಸ್ ಮುಗಿಸಬೇಕು: ಅಟೊವಾಕ್ವೋನ್-ಪ್ರೊಗ್ವಾನಿಲ್ ಆದರೆ ಇನ್ನೂ 7 ದಿನ, ಡಾಕ್ಸಿಸೈಕ್ಲಿನ್ ಆದರೆ 4 ವಾರ. ಜ್ವರ ಬಂದರೆ ಅವತ್ತೇ ರಕ್ತ ಪರೀಕ್ಷೆ ಮಾಡಿಸಿ, ನೈಜೀರಿಯಾದಿಂದ ಬಂದಿದ್ದೇನೆ ಎಂದು ವೈದ್ಯರು ಕೇಳುವ ಮೊದಲೇ ಹೇಳಿ.